ನಲವತ್ತೈದರಲ್ಲಿ ಬರೆಯಲು ಕೂತ ಎಂ.ಕೆ. ಇಂದಿರಾ

ಕನ್ನಡ ಕಾದಂಬರಿ ಓದುವ ರೂಢಿ ಇದ್ದವರಿಗೆ ಎಂ.ಕೆ. ಇಂದಿರಾ ಅವರ ಹೆಸರು ಹೊಸದಲ್ಲ. ಓದುವ ರೂಢಿ ಇಲ್ಲದವರೂ ‘ಗೆಜ್ಜೆಪೂಜೆ’ ಸಿನಿಮಾ ನೋಡಿರುತ್ತಾರೆ. ಆ ಕಥೆ ಬರೆದವರು ಇವರೇ. ಐವತ್ತಕ್ಕೂ ಹೆಚ್ಚು ಕಾದಂಬರಿ ಬರೆದ, ನಾಲ್ಕು ಪುಸ್ತಕಗಳಿಗೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಈ ಲೇಖಕಿ ಶಾಲೆಗೆ ಹೋದದ್ದು ಏಳು ವರ್ಷ ಮಾತ್ರ. ಹನ್ನೆರಡಕ್ಕೆ ಮದುವೆ. ಕಾದಂಬರಿ ಬರೆಯಲು ಕೂತಾಗ ಅವರಿಗೆ ನಲವತ್ತೈದು ವರ್ಷ.

ನಮ್ಮ ಹೈಸ್ಕೂಲಿನ ಸುವರ್ಣ ಮಹೋತ್ಸವದ ಸಂಪುಟದಲ್ಲಿ ದೂರದ ಮಲೆನಾಡಿನ ಲೇಖಕಿಯ ಬದುಕು ಯಾಕೆ ಎಂದು ಯಾರಾದರೂ ಕೇಳಬಹುದು. ಹಳ್ಳಿಗಳಿಗೆ ಹೈಸ್ಕೂಲು ಬರುವ ಮೊದಲು ಏಳನೇ ಇಯತ್ತೆಗೇ ಓದು ನಿಂತ ತಾಯಂದಿರು ನಮ್ಮ ಭಾಗದ ಮನೆಮನೆಯಲ್ಲಿದ್ದಾರೆ. ಹೈಸ್ಕೂಲು ಬಂದ ಮೇಲೂ ಹತ್ತನೆಯ ಪರೀಕ್ಷೆ ಬರೆದು, ಫಲಿತಾಂಶ ಬರುವುದರೊಳಗೆ ಅರಿಶಿಣ ಹಚ್ಚಿಸಿಕೊಂಡ ಹೆಣ್ಣುಮಕ್ಕಳಿದ್ದಾರೆ. ಶಾಲೆಯಲ್ಲಿ ಚೆಂದಾಗಿ ಪ್ರಬಂಧ ಬರೆಯುತ್ತಿದ್ದವರು, ಚಿತ್ರ ತೆಗೆಯುತ್ತಿದ್ದವರು, ಹಾಡು ಕಟ್ಟುತ್ತಿದ್ದವರು ಈಗ ನಲವತ್ತು ಐವತ್ತರ ಆಸುಪಾಸಿನಲ್ಲಿದ್ದಾರೆ. ಅದೆಲ್ಲ ಆ ಕಾಲಕ್ಕೇ ಮುಗಿಯಿತು, ಇನ್ನೇನಿದ್ದರೂ ಮಕ್ಕಳ ಕಾಲ ಎಂದು ಅವರು ನಕ್ಕು ಸುಮ್ಮನಾಗುತ್ತಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿರಾ ಅವರ ಬದುಕನ್ನು ಇಲ್ಲಿ ಹೇಳುತ್ತಿದ್ದೇನೆ.

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ಟಿ. ಸೂರ್ಯನಾರಾಯಣರಾವ್, ತಾಯಿ ಬನಶಂಕರಮ್ಮ. ಅನುಕೂಲಸ್ಥ ಕೃಷಿಕ ಮನೆತನ. ಅವರ ಊರು ಈಗಿನ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ. ತೀರ್ಥಹಳ್ಳಿ ತುಂಗೆಯ ದಂಡೆಯ ಮೇಲಿದೆ, ನರಸಿಂಹರಾಜಪುರ ಭದ್ರೆಯ ಕಡೆಯದು. ಈ ಎರಡು ಹೊಳೆಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಹೊಸಪೇಟೆ ದಾಟಿ ನಮ್ಮ ರಾಯಚೂರು ಸೀಮೆಯ ಅಂಚಿನಲ್ಲಿ ಹರಿದು ಮುಂದೆ ಕೃಷ್ಣೆಗೆ ಕೂಡುತ್ತವೆ. ಇಂದಿರಾ ಅವರ ಮೊದಲ ಕಾದಂಬರಿಯ ಹೆಸರೂ ‘ತುಂಗಭದ್ರ’.

ತೊಗರಿ, ಜೋಳದ ಕಪ್ಪು ನೆಲದಲ್ಲಿ ಬೆಳೆದ ನಮಗೆ ಆ ನಾಡಿನ ಚಿತ್ರ ಸುಲಭಕ್ಕೆ ಕಣ್ಣಿಗೆ ಕಟ್ಟುವುದಿಲ್ಲ. ನಾವು ಮೋಡ ನೋಡಿ ಕೈ ಮುಗಿಯುವವರು. ಅಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡಬೇಕಾದರೆ ತಿಂಗಳುಗಳು ಬೇಕು. ಅಡಿಕೆ ತೋಟ, ಗದ್ದೆ, ಇಳಿಜಾರು ಮಾಡಿನ ದೊಡ್ಡ ಮನೆ, ಒಂದೇ ಒಲೆಯ ಮೇಲೆ ಹತ್ತಾರು ಜನಕ್ಕೆ ಅಡುಗೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಹೆಂಗಸರಿಗೆ ಒಳಮನೆಯೇ ಲೋಕ. ಅಲ್ಲಿ ಮಾತಿಗೇನು ಬರ? ಯಾರ ಮನೆಯ ಸೊಸೆಗೆ ಏನಾಯಿತು, ಯಾವ ಬಾಣಂತಿ ಹೇಗೆ ಉಳಿದಳು, ಯಾವ ಮಗು ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾಯಿತು ಎಂಬುದೆಲ್ಲ ಅಲ್ಲಿ ಬರುತ್ತಿತ್ತು. ಚಿಕ್ಕ ಇಂದಿರಾ ಅದನ್ನೆಲ್ಲ ಕೇಳುತ್ತ ಬೆಳೆದರು.

ಮೈಸೂರು ಸಂಸ್ಥಾನದ ಹುಡುಗಿಯಾದ್ದರಿಂದ ಏಳು ವರ್ಷವಾದರೂ ಅವರಿಗೆ ಕನ್ನಡ ಶಾಲೆ ಸಿಕ್ಕಿತು ಎನ್ನಬೇಕು. ಅದೇ ಹೊತ್ತಿಗೆ ನಮ್ಮ ಆಳಂದ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸರ್ಕಾರಿ ಶಾಲೆಯ ಭಾಷೆ ಉರ್ದು. ಕನ್ನಡ ಮನೆಯ ಹೆಣ್ಣುಮಗಳು ಕನ್ನಡದಲ್ಲಿ ಓದು ಬರಹ ಕಲಿಯುವುದು ಅಪರೂಪದ ಮಾತಾಗಿತ್ತು. ಆ ಕಾಲದ ನಮ್ಮ ಆಯಂದಿರಲ್ಲಿ ಎಷ್ಟು ಜನ ಇಂದಿರಾ ಆಗಬಹುದಿತ್ತೋ, ಲೆಕ್ಕ ಇಟ್ಟವರಿಲ್ಲ.

ಹನ್ನೆರಡನೆಯ ವಯಸ್ಸಿನಲ್ಲಿ ಇಂದಿರಾ ಅವರಿಗೆ ಕೃಷ್ಣರಾಯರೊಂದಿಗೆ ಮದುವೆಯಾಯಿತು. ಬ್ರಿಟಿಷ್ ಭಾರತದಲ್ಲಿ ಹುಡುಗಿಯ ಮದುವೆಗೆ 14 ವರ್ಷವಾದರೂ ಆಗಿರಬೇಕು ಎಂಬ ಶಾರದಾ ಕಾಯ್ದೆ ಬಂದದ್ದೂ ಆ ಹೊತ್ತಿಗೇ, 1929ರಲ್ಲಿ. ಸಂಸ್ಥಾನಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಅನ್ವಯಿಸಿದ ಕಡೆಯೂ ಪಾಲಿಸಿದವರು ಕಡಿಮೆ. ಹನ್ನೆರಡು ವರ್ಷದ ಹುಡುಗಿಯ ಮದುವೆ ಅಂದಿನ ಕಣ್ಣಿಗೆ ಅನ್ಯಾಯವಾಗಿ ಕಾಣಲೇ ಇಲ್ಲ. ಅದು ಮರ್ಯಾದಸ್ಥ ಮನೆತನದ ಲಕ್ಷಣವಾಗಿತ್ತು.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಇಂದಿರಾ ಅವರ ಸಹೋದರ ಟಿ.ಎಸ್. ರಾಮಚಂದ್ರರಾವ್. ಟಿಎಸ್ಸಾರ್ ಎಂದೇ ಹೆಸರಾದ ಪತ್ರಕರ್ತರು. ‘ಪ್ರಜಾವಾಣಿ’ಯಲ್ಲಿ ಅವರು ಬರೆಯುತ್ತಿದ್ದ ‘ಛೂಬಾಣ’ ಅಂಕಣವನ್ನು ಹಿರಿಯ ಓದುಗರು ಈಗಲೂ ನೆನೆಯುತ್ತಾರೆ. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಮಾತು ಕೇಳಿ ಬೆಳೆದವರು. ಗಂಡುಮಗನ ಕೈಗೆ ಪೆನ್ನು ಬಂತು, ಪತ್ರಿಕೆ ಬಂತು, ನಾಡಿನ ತುಂಬ ಓದುಗರು ಬಂದರು. ಹೆಣ್ಣುಮಗಳ ಕೈಗೆ ಅದೇ ಪೆನ್ನು ಬರಲು ಮೂವತ್ತಮೂರು ವರ್ಷ ಸಂಸಾರ ಕಳೆಯಬೇಕಾಯಿತು. ಬುದ್ಧಿಯಲ್ಲಿ ಹೆಚ್ಚು ಕಡಿಮೆ ಇತ್ತು ಎಂದು ಯಾರು ಹೇಳಿಯಾರು?

ಆ ಮೂವತ್ತಮೂರು ವರ್ಷ ಖಾಲಿ ಹೋಯಿತೇ ಎಂದರೆ, ಹೋಗಲಿಲ್ಲ. ಇಂದಿರಾ ಓದುವುದನ್ನು ಬಿಡಲಿಲ್ಲ. ಕನ್ನಡ ಕಾವ್ಯ ಓದಿಕೊಂಡಿದ್ದರು, ಹಿಂದಿ ಸಾಹಿತ್ಯದ ಪರಿಚಯವನ್ನೂ ಚೆನ್ನಾಗಿ ಮಾಡಿಕೊಂಡಿದ್ದರು. ಶಾಲೆ ಬಿಟ್ಟ ಹುಡುಗಿ ಕಾವ್ಯ ಓದುವುದೆಂದರೆ ಸುಮ್ಮನೆ ಅಲ್ಲ. ಪರೀಕ್ಷೆಯ ಹೆದರಿಕೆ ಇಲ್ಲ, ಪಾಸಾದರೆ ಸಿಗುವ ನೌಕರಿಯ ಆಸೆಯೂ ಇಲ್ಲ. ಓದಿದ್ದು ಯಾರಿಗೂ ಒಪ್ಪಿಸಬೇಕಾಗಿಲ್ಲ. ಮನೆಗೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ, ಇಷ್ಟಕ್ಕಾಗಿ ಓದುವ ಓದು ಅದು. ನಾನು ಕನ್ನಡ ಕಲಿಸಿದ ವರ್ಷಗಳಲ್ಲಿ ಅಂಕಕ್ಕಾಗಿ ಓದಿದವರು ಪುಸ್ತಕ ಮುಚ್ಚಿದ್ದನ್ನೂ, ಇಷ್ಟಕ್ಕಾಗಿ ಓದಿದವರು ಮುಚ್ಚದೇ ಇದ್ದದ್ದನ್ನೂ ಬೇಕಾದಷ್ಟು ಕಂಡಿದ್ದೇನೆ.

ಮುಂದೆ ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಸ್ನೇಹವಾಯಿತು. ‘ಶರಪಂಜರ’, ‘ಬೆಕ್ಕಿನ ಕಣ್ಣು’ ಬರೆದ ತ್ರಿವೇಣಿ. ಅವರು ಹುಟ್ಟಿದ್ದು 1928ರಲ್ಲಿ, ಅಂದರೆ ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಮನಶ್ಶಾಸ್ತ್ರ ಓದಿದ ಪದವೀಧರೆ. 1953ರಲ್ಲಿ ‘ಅಪಸ್ವರ’ ಬಂದ ಮೇಲೆ ಕನ್ನಡದ ಹೆಣ್ಣುಮಕ್ಕಳು ಕಾದು ಓದುವ ಕಾದಂಬರಿಕಾರ್ತಿ. ವಯಸ್ಸಿನಲ್ಲಿ ಹಿರಿಯರಾದ, ಓದಿನಲ್ಲಿ ಕಡಿಮೆಯಾದ ಗೃಹಿಣಿಗೆ ಇಂಥ ಗೆಳತಿಯ ಎದುರು ತಾನೂ ಬರೆಯಬಲ್ಲೆ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ಆದರೆ ಆ ಸ್ನೇಹವೇ ಇಂದಿರಾ ಅವರನ್ನು ಬರವಣಿಗೆಗೆ ತಂದಿತು. ತಾನು ಬರೆದು ಹೆಸರಾದ ಮೇಲೆ ಇನ್ನೊಬ್ಬಳನ್ನು ಬರೆಯಲು ಹಚ್ಚುವ ದೊಡ್ಡ ಮನಸ್ಸು ಎಲ್ಲ ಬರಹಗಾರರಿಗೂ ಇರುವುದಿಲ್ಲ. ‘ತುಂಗಭದ್ರ’ ಪ್ರಕಟವಾದ 1963ನೇ ವರ್ಷವೇ, ಜುಲೈ 29ರಂದು, ತ್ರಿವೇಣಿ ತೀರಿಕೊಂಡರು. ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಒಬ್ಬರ ಬರವಣಿಗೆ ಮುಗಿದ ವರ್ಷ ಇನ್ನೊಬ್ಬರದು ಆರಂಭವಾಯಿತು.

ಏಳು ವರ್ಷದ ಓದು ಇಟ್ಟುಕೊಂಡು ನಲವತ್ತೈದರಲ್ಲಿ ಕಾದಂಬರಿಗೆ ಕೂತವರಿಗೆ ಅಳುಕಲು ಬೇಕಾದಷ್ಟು ಕಾರಣಗಳಿದ್ದವು. ಅಂದಿನ ದೊಡ್ಡ ಕಾದಂಬರಿಕಾರರೆಂದರೆ ಕುವೆಂಪು, ಕಾರಂತ, ಅನಕೃ, ತರಾಸು. ಹೆಂಗಸರು ಬರೆದದ್ದನ್ನು ಅಡುಗೆಮನೆಯ ಸಾಹಿತ್ಯ ಎಂದು ಬದಿಗಿಡುವ ವಿಮರ್ಶಕರು ಇದ್ದರು. ಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಇನ್ನೊಂದು ಎಂಬ ನಂಬಿಕೆ ಬಲವಾಗಿತ್ತು. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಆಡುವುದು ಒಂದು, ಉತ್ತರ ಪತ್ರಿಕೆಯಲ್ಲಿ ಬರೆಯುವುದು ಇನ್ನೊಂದು. ಬೆಂಗಳೂರಿಗೆ ಹೋದಾಗ ಬಾಯಿ ತೆರೆಯಲು ಹಿಂಜರಿದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟಿಲ್ಲ?

ಇಂದಿರಾ ಆ ಅಳುಕನ್ನು ದಾಟಿದ ಬಗೆ ಅವರ ಪುಸ್ತಕಗಳಲ್ಲೇ ಕಾಣುತ್ತದೆ. ತಮಗೆ ಇಲ್ಲದ ಪಾಂಡಿತ್ಯವನ್ನು ಇದೆಯೆಂದು ತೋರಿಸಲು ಅವರು ಹೋಗಲಿಲ್ಲ. ಮಲೆನಾಡಿನ ಮನೆಯೊಳಗಿನ ಮಾತನ್ನು, ಹೆಂಗಸರು ಹೆಂಗಸರೊಡನೆ ಆಡುವ ಮಾತನ್ನು ಹಾಗೆಯೇ ಕಾಗದಕ್ಕೆ ತಂದರು. ಮಡಿ, ಮೈಲಿಗೆ, ಹೆರಿಗೆ, ಬಾಣಂತನ, ಹಬ್ಬದಡುಗೆ, ಬಂದು ಹೋಗುವ ನೆಂಟರು, ಬಾಯಿಬಿಡದ ದುಃಖ ಎಲ್ಲವೂ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ವಿಶ್ವವಿದ್ಯಾಲಯದಲ್ಲಿ ಓದಿದ ಗಂಡಸು ಆ ಕೋಣೆಗಳೊಳಗೆ ಕಾಲಿಡುವಂತೆಯೇ ಇರಲಿಲ್ಲ. ಓದು ಕಡಿಮೆ ಎಂದುಕೊಂಡ ವರ್ಷಗಳಲ್ಲಿ ಅವರು ಕೂಡಿಟ್ಟದ್ದು ಇನ್ನೊಬ್ಬರ ಬಳಿ ಇಲ್ಲದ ಬಂಡವಾಳ.

ಮೊದಲ ಕಾದಂಬರಿಗೇ ಅಕಾಡೆಮಿಯ ಬಹುಮಾನ ಬಂತು. ಆಮೇಲೆ ತಡವೇ ಆಗಲಿಲ್ಲ. 1965ರಲ್ಲಿ ‘ಸದಾನಂದ’, 1966ರಲ್ಲಿ ‘ಗೆಜ್ಜೆಪೂಜೆ’, 1967ರಲ್ಲಿ ‘ನವರತ್ನ’. ‘ಸದಾನಂದ’ ಮತ್ತು ‘ನವರತ್ನ’ಗಳಿಗೂ ಬಹುಮಾನ. ಕಟ್ಟಿಟ್ಟ ನೀರಿಗೆ ತೂಬು ತೆಗೆದ ಹಾಗೆ ಹರಿದು ಬಂದವು. ಹರಿದು ಬಂದದ್ದೆಲ್ಲ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಐವತ್ತಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಅವಸರದಲ್ಲಿ ಮುಗಿಸಿದಂತೆ ಕಾಣುವವು ಇವೆ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದವು ಇವೆ. ತಡವಾಗಿ ಆರಂಭಿಸಿದವರಿಗೆ ಹೊತ್ತು ಕಡಿಮೆ ಎಂಬ ಧಾವಂತ ಇರುತ್ತದೆ.

‘ಗೆಜ್ಜೆಪೂಜೆ’ ನಮ್ಮ ಉತ್ತರ ಕರ್ನಾಟಕದವರು ವಿಶೇಷವಾಗಿ ಓದಬೇಕಾದ ಪುಸ್ತಕ. ಹುಡುಗಿಯೊಬ್ಬಳನ್ನು ಆ ವೃತ್ತಿಗೆ ಒಪ್ಪಿಸುವ ಶಾಸ್ತ್ರಕ್ಕೆ ಗೆಜ್ಜೆಪೂಜೆ ಎಂದು ಹೆಸರು. ಅಂಥ ಮನೆಯಲ್ಲಿ ಹುಟ್ಟಿ, ಎಲ್ಲರಂತೆ ಮದುವೆಯಾಗಿ ಬಾಳಬೇಕೆಂದು ಆಸೆಪಟ್ಟ ಹೆಣ್ಣಿನ ಕಥೆ ಅದು. ದೇವದಾಸಿ ಪದ್ಧತಿ ನಮ್ಮ ಜಿಲ್ಲೆಗಳಿಗೆ ದೂರದ ವಿಷಯವಲ್ಲ. ಹುಡುಗಿಯರನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಆದದ್ದು 1982ರಲ್ಲಿ. ಕಾದಂಬರಿ ಬಂದು ಹದಿನಾರು ವರ್ಷದ ಮೇಲೆ. ಒಂದು ಸಂಪ್ರದಾಯಸ್ಥ ಮನೆಯ ಗೃಹಿಣಿ ಇಂಥ ವಿಷಯ ಎತ್ತಿಕೊಂಡದ್ದೇ ಧೈರ್ಯದ ಮಾತು. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ನಾಯಕಿಯಾಗಿ ನಟಿಸಿದರು. 1969ರ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಎಂಬ ಗೌರವ ಅದಕ್ಕೆ ಸಿಕ್ಕಿತು, ಚಿತ್ರಕಥೆಗೂ ಪ್ರಶಸ್ತಿ ಬಂತು. ಪುಸ್ತಕ ಓದಲಾರದ ಲಕ್ಷಾಂತರ ಹೆಂಗಸರಿಗೆ ಆ ಕಥೆ ಟಾಕೀಸಿನ ಮೂಲಕ ಮುಟ್ಟಿತು.

ಇಷ್ಟೆಲ್ಲ ಆದ ಮೇಲೂ ಒಂದು ಕಥೆ ಒಳಗೇ ಉಳಿದಿತ್ತು.

ಇಂದಿರಾ ಬಾಲ್ಯದಲ್ಲಿ ಒಬ್ಬ ಮುದುಕಿಯನ್ನು ಕಂಡಿದ್ದರು. ಬಾಲವಿಧವೆ, ತಲೆ ಬೋಳಿಸಿಕೊಂಡ ಮಡಿ ಹೆಂಗಸು. ಆ ಮುದುಕಿ ತನ್ನ ಬದುಕನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದಳು. ಬದಿಯಲ್ಲಿ ಕೂತ ಮಗು ಅದನ್ನು ಕೇಳಿಸಿಕೊಂಡಿತ್ತು. ಕೇಳಿದ್ದು ಬಾಲ್ಯದಲ್ಲಿ, ಪುಸ್ತಕವಾಗಿ ಬಂದದ್ದು 1976ರಲ್ಲಿ, ಇಂದಿರಾ ಅವರಿಗೆ ಐವತ್ತೊಂಬತ್ತಾದಾಗ. ಆ ಪುಸ್ತಕವೇ ‘ಫಣಿಯಮ್ಮ’. ಬರೆಯುವುದಕ್ಕೆ ಕೂತ ಮೊದಲ ದಿನವೇ ಈ ಕಥೆಗೆ ಅವರು ಕೈ ಹಾಕಲಿಲ್ಲ. ಹದಿಮೂರು ವರ್ಷ ಬೇರೆ ಬೇರೆ ಕಾದಂಬರಿಗಳಲ್ಲಿ ಕೈ ಪಳಗಿದ ಮೇಲೆ ಇದು ಬಂತು. ಇದು ತಮ್ಮದೇ ಸಮಾಜ, ತಮ್ಮದೇ ಮನೆಗಳ ಒಳಗಿನ ಸತ್ಯ. ಕಲ್ಪನೆಯ ಕಥೆ ಬರೆಯುವುದಕ್ಕಿಂತ ಇದಕ್ಕೆ ಬೇರೆ ಎದೆಗಾರಿಕೆ ಬೇಕು.

ಕಥೆ ಇಷ್ಟು. 1840ರ ಸುಮಾರಿಗೆ ಮಲೆನಾಡಿನ ಹೆಬ್ಬಲಿಗೆ ಎಂಬ ಊರಿನ ತುಂಬಿದ ಮನೆಯಲ್ಲಿ ಫಣಿಯಮ್ಮ ಹುಟ್ಟುತ್ತಾಳೆ. ಒಂಬತ್ತು ವರ್ಷಕ್ಕೆ ಮದುವೆ. ಸ್ವಲ್ಪ ದಿನಕ್ಕೇ ಹುಡುಗ ಹಾವು ಕಚ್ಚಿ ಸಾಯುತ್ತಾನೆ. ವಿಧವೆ ಎಂದರೆ ಏನೆಂದೇ ತಿಳಿಯದ ಮಗುವಿನ ಬಳೆ, ಹೂವು, ಕುಂಕುಮ ಹೋಗುತ್ತವೆ. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಸುಮಾರು ಒಂದು ನೂರು ವರ್ಷ ಆಕೆ ಹಾಗೆಯೇ ಬದುಕುತ್ತಾಳೆ. ತೀರಿಕೊಳ್ಳುವುದು 1952ರಲ್ಲಿ, ನೂರಹನ್ನೆರಡರ ವಯಸ್ಸಿನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಸಂವಿಧಾನ ಆಗುವವರೆಗೂ ಆ ಬೋಳುತಲೆ ನೋಡುತ್ತಲೇ ಇತ್ತು.

ನಮ್ಮ ಕಡೆ ಅನೇಕ ಸಮಾಜಗಳಲ್ಲಿ ಉಡಿಕೆ ಪದ್ಧತಿ ಇತ್ತು. ಗಂಡ ಸತ್ತ ಹೆಣ್ಣಿಗೆ ಮತ್ತೊಂದು ಮನೆ ಕಟ್ಟುವ ದಾರಿ ಇತ್ತು. ಆದ್ದರಿಂದ ತಲೆ ಬೋಳಿಸುವ ಈ ಕ್ರೂರ ಪದ್ಧತಿ ನಮ್ಮ ಬಹಳಷ್ಟು ಓದುಗರಿಗೆ ಬೇರೆಯವರ ಕಥೆ ಅನ್ನಿಸಬಹುದು. ಆದರೆ ಮುತ್ತೈದೆಯರ ಸಾಲಿನಿಂದ ವಿಧವೆಯನ್ನು ಹಿಂದೆ ಸರಿಸುವುದು, ಶುಭಕಾರ್ಯಕ್ಕೆ ಎದುರು ಬರಬೇಡ ಎನ್ನುವುದು ನಮ್ಮ ಊರುಗಳಲ್ಲಿ ಇಲ್ಲವೇ? ‘ಫಣಿಯಮ್ಮ’ ಓದುವಾಗ ಮದುವೆ ಮನೆಯ ಮೂಲೆಯಲ್ಲಿ ಕೂರುವ ನಮ್ಮದೇ ಮನೆಯ ಒಬ್ಬಳು ನೆನಪಾಗದೆ ಇರುವುದಿಲ್ಲ.

ಪುಸ್ತಕದ ದೊಡ್ಡ ಗುಣವೆಂದರೆ ಲೇಖಕಿ ಎಲ್ಲಿಯೂ ಕೂಗಾಡುವುದಿಲ್ಲ. ಫಣಿಯಮ್ಮನೂ ಅಳುತ್ತ ಕೂರುವವಳಲ್ಲ. ಮದುವೆಗೆ ಅಪಶಕುನವಾದ ಈ ಹೆಂಗಸನ್ನು ಹೆರಿಗೆಗೆ ಮಾತ್ರ ಎಲ್ಲರೂ ಕರೆಯುತ್ತಾರೆ. ಸಂಸಾರದ ಸುಖ ಕಾಣದವಳು ಇನ್ನೊಬ್ಬರ ಮಕ್ಕಳನ್ನು ಭೂಮಿಗೆ ಇಳಿಸಿಕೊಳ್ಳುತ್ತಾಳೆ. ಹೆರಿಗೆಯಾಗದೆ ಸಂಕಟಪಡುತ್ತಿದ್ದ ದಲಿತ ಹೆಣ್ಣುಮಗಳ ಬಳಿಗೂ ಜಾತಿಯ ಕಟ್ಟು ಮೀರಿ ಹೋಗಿ ತಾಯಿ ಮಗುವನ್ನು ಉಳಿಸುತ್ತಾಳೆ. ಮುಂದಿನ ತಲೆಮಾರಿನ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಲು ಬಿಡುವುದಿಲ್ಲ ಎಂದು ಹಟ ಹಿಡಿದಾಗ ಮನೆಯವರೆಲ್ಲ ತಿರುಗಿ ಬೀಳುತ್ತಾರೆ. ಆಗ ಅವಳ ಪರ ನಿಲ್ಲುವವಳು ಜೀವಮಾನವಿಡೀ ಮಡಿಯಲ್ಲಿದ್ದ ಈ ಮುದುಕಿಯೇ. ತನಗೆ ಆದದ್ದು ಇನ್ನೊಬ್ಬಳಿಗೂ ಆಗಲಿ ಎನ್ನುವ ಮನಸ್ಸು ಲೋಕದಲ್ಲಿ ಹೆಚ್ಚು. ನಾವು ಅತ್ತೆ ಸೊಸೆಯರ ನಡುವೆ ಅದನ್ನು ದಿನಾ ನೋಡುತ್ತೇವೆ. ಫಣಿಯಮ್ಮ ಹಾಗಲ್ಲ. ಲೇಖಕಿ ಸಿಟ್ಟಾಗದೆ ಹೇಳಿದ್ದರಿಂದ ಸಿಟ್ಟು ಓದುವವರಿಗೆ ಬರುತ್ತದೆ.

ಈ ಪುಸ್ತಕಕ್ಕೂ ಅಕಾಡೆಮಿಯ ಬಹುಮಾನ ಬಂತು. ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮನಾಗಿ ನಟಿಸಿದರು. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೂ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಇಲ್ಲೊಂದು ಸೋಜಿಗ: 1936ರಲ್ಲಿ ಹುಟ್ಟಿದ ಪ್ರೇಮಾ ಅವರು ನಿರ್ದೇಶಿಸಿದ ಮೊದಲ ಚಿತ್ರ ಇದು, ಆಗ ಅವರಿಗೂ ನಲವತ್ತೈದರ ಆಸುಪಾಸು. 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಬಹುಮಾನ ಬಂತು. ಮಲೆನಾಡಿನ ಒಳಮನೆಯಲ್ಲಿ ಒಬ್ಬ ಮುದುಕಿ ಇನ್ನೊಬ್ಬ ಹೆಂಗಸಿಗೆ ಹೇಳಿದ ಮಾತು ಹೀಗೆ ಕನ್ನಡ ಬಾರದವರಿಗೂ ಮುಟ್ಟಿತು. ವಿಶ್ವವಿದ್ಯಾಲಯಗಳಲ್ಲಿ ಅದರ ಮೇಲೆ ಚರ್ಚೆಗಳು ನಡೆದಿವೆ. ಬರೆದವರು ಹೈಸ್ಕೂಲಿನ ಮೆಟ್ಟಿಲು ಹತ್ತುವ ವಯಸ್ಸಿಗೇ ಸಂಸಾರಕ್ಕೆ ಸೇರಿದವರು.

ಎಂ.ಕೆ. ಇಂದಿರಾ 1994ರ ಮಾರ್ಚ್ 15ರಂದು, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಲೇಖಕಿಯರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದಿದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಅವರ ಪುಸ್ತಕ ಹಿಡಿಯುವುದಾದರೆ ‘ಫಣಿಯಮ್ಮ’ದಿಂದ ಆರಂಭಿಸಿ. ದೊಡ್ಡ ಪುಸ್ತಕವಲ್ಲ, ನಾಲ್ಕಾರು ಸಂಜೆಗೆ ಮುಗಿಯುತ್ತದೆ. ಮಲೆನಾಡಿನ ಕೆಲವು ಮಾತು ಮೊದಲಿಗೆ ತೊಡಕಾಗಬಹುದು, ಹತ್ತು ಪುಟ ದಾಟಿದರೆ ಸರಾಗವಾಗುತ್ತದೆ. ಮನೆಯಲ್ಲಿ ಓದು ಬಾರದ ಆಯಿ ಇದ್ದರೆ ಗಟ್ಟಿಯಾಗಿ ಓದಿರಿ. ನಡುವೆ ಅವರು ತಡೆದು ತಾವು ಕಂಡದ್ದನ್ನು ಹೇಳಲು ಶುರು ಮಾಡಿದರೆ ಪುಸ್ತಕ ಬದಿಗಿಟ್ಟು ಅದನ್ನು ಬರೆದುಕೊಳ್ಳಿರಿ, ನಮ್ಮ ಆಡುಮಾತಿನಲ್ಲೇ.